ಎಂಟು ಬಾಟಲಿ, ಒಂದು ಸಹಿ

ಪ್ರಯೋಗಾಲಯಕ್ಕೆ ಹೋಗುವ ದಿನ ನಾನು ಮೈಗೆ ಏನನ್ನೂ ಹಚ್ಚಿಕೊಳ್ಳುವುದಿಲ್ಲ. ಕ್ರೀಮ್ ಇಲ್ಲ, ಪೌಡರ್ ಇಲ್ಲ, ತಲೆಗೆ ಎಣ್ಣೆ ಇಲ್ಲ, ಮುಡಿಗೆ ಹೂವೂ ಇಲ್ಲ. ಅಂಬಲಪಾಡಿಯಲ್ಲಿ ನಮ್ಮ ಪಕ್ಕದ ಮನೆಯವರು ಇದನ್ನು ಯಾವುದೋ ವ್ರತವೆಂದು ತಿಳಿದಿದ್ದಾರೆ. ಇಪ್ಪತ್ತೆರಡು ವರ್ಷ ನಡೆಯುವ ವ್ರತ ಯಾವುದೆಂದು ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಮಣಿಪಾಲದ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ ನಮ್ಮದೊಂದು ಸಣ್ಣ ಖಾಸಗಿ ಪ್ರಯೋಗಾಲಯ. ನಾನು ಅಲ್ಲಿ ಯಂತ್ರ ನಡೆಸುವವಳು. ಕೆರೆಯಷ್ಟು ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿದರೂ ಹಿಡಿದು ತೋರಿಸುವ ಯಂತ್ರ ಅದು. ಅದರ ಎದುರು ಕೂರುವವರ ಕೈ ಸ್ವಚ್ಛವಾಗಿರಬೇಕಾಗುತ್ತದೆ.

ಮನುಷ್ಯರ ಮಾತಿಗಿಂತ ಗಾಜನ್ನು ಹೆಚ್ಚು ನಂಬುವ ಅಭ್ಯಾಸ ನನಗೆ ಹತ್ತಿದ್ದು ಇಲ್ಲಿಯೇ. ಮನುಷ್ಯರು ಮರೆಯುತ್ತಾರೆ, ಸುಮ್ಮನೆ ಹೂಂ ಎನ್ನುತ್ತಾರೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರೆ ಎರಡು ಇಡ್ಲಿ ತಿಂದು ಬಂದು, ಕೇಳಿದರೆ ಅದೇನು ಊಟವೇ ಎಂದು ನಮ್ಮನ್ನೇ ಕೇಳುತ್ತಾರೆ. ಗಾಜಿನ ಬಾಟಲಿಗೆ ಆ ಚಾಳಿ ಇಲ್ಲ. ತೊಳೆದು, ಒಲೆಯಲ್ಲಿ ಕಾಯಿಸಿ, ದ್ರಾವಕದಲ್ಲಿ ಜಾಲಿಸಿ ಮುಚ್ಚಳ ಬಿಗಿದಿಟ್ಟರೆ ಅದು ನಾವು ಬಿಟ್ಟ ಹಾಗೆಯೇ ಇರುತ್ತದೆ. ಈ ನಂಬಿಕೆಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. ಈಗ ಹೇಳಹೊರಟಿರುವುದು ಆ ಜಂಬದಿಂದ ಒಬ್ಬರಿಗೆ ನಾನು ಮಾಡಿದ ಅನ್ಯಾಯದ ಸಂಗತಿ.

ಕೆಲವು ವರ್ಷಗಳ ಹಿಂದೆ ಉಡುಪಿಯಲ್ಲಿ ಸ್ವಂತ ಚಿಕಿತ್ಸಾಲಯ ಇಟ್ಟುಕೊಂಡಿರುವ ಚರ್ಮವೈದ್ಯರೊಬ್ಬರು ನಮ್ಮಲ್ಲಿಗೆ ಬಂದರು. ಬಿಸಿಲಿಗೆ ಹಚ್ಚುವ ಸನ್‌ಸ್ಕ್ರೀನ್ ಚರ್ಮದ ಮೇಲೆಯೇ ನಿಲ್ಲುವುದಿಲ್ಲ, ಅದರಲ್ಲಿರುವ ಕೆಲವು ರಾಸಾಯನಿಕಗಳು ಒಳಗೆ ಇಳಿದು ರಕ್ತಕ್ಕೆ ಸೇರುತ್ತವೆ ಎಂಬುದು ಆಗಲೇ ಗೊತ್ತಿದ್ದ ವಿಷಯ. ಆದರೆ ಅದನ್ನು ನೋಡಿದವರೆಲ್ಲ ತಣ್ಣಗಿನ ಕೋಣೆಯಲ್ಲಿ ಕೂರಿಸಿದ ಜನರಲ್ಲಿ ನೋಡಿದ್ದಾರೆ, ನಮ್ಮ ಕರಾವಳಿಯ ಬಿಸಿಲಿನಲ್ಲಿ ಬೆವರು ಸುರಿಸಿ ದುಡಿಯುವವರಲ್ಲಿ ಎಷ್ಟು ಇಳಿಯುತ್ತದೆ ಎಂದು ನೋಡಬೇಕು ಎಂಬುದು ಅವರ ಆಸೆ. ಅವರ ಕಣ್ಣು ಆಕ್ಸಿಬೆಂಜೋನ್ ಎಂಬ ಒಂದು ರಾಸಾಯನಿಕದ ಮೇಲಿತ್ತು. ರಕ್ತ ಎಂದರೆ ಜನ ಓಡಿಹೋಗುತ್ತಾರೆಂದು ಮೂತ್ರ ಮಾತ್ರ ಸಾಕು ಎಂದು ತೀರ್ಮಾನವಾಯಿತು.

ವಿಧಾನ ಹೇಳುವಾಗ ಕಷ್ಟ, ಮಾಡುವಾಗ ಬೇಸರ, ಅಷ್ಟೇ. ಚರ್ಮದಿಂದ ಒಳಗಿಳಿದ ಆಕ್ಸಿಬೆಂಜೋನನ್ನು ಯಕೃತ್ತು ಹಾಗೆಯೇ ಹೊರಗೆ ಕಳಿಸುವುದಿಲ್ಲ. ಅದಕ್ಕೆ ಸಕ್ಕರೆಯಂಥ ಒಂದು ತುಣುಕನ್ನು ಕಟ್ಟಿ ಮೂತ್ರಕ್ಕೆ ಬಿಡುತ್ತದೆ. ನಾವು ಮೂತ್ರಕ್ಕೆ ಒಂದು ಕಿಣ್ವ ಹಾಕಿ, ಮೈ ಬಿಸಿಯಷ್ಟೇ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಆ ಸಕ್ಕರೆಯನ್ನು ಬಿಡಿಸುತ್ತೇವೆ. ಬಳಿಕ ಸೋಸಿ, ಒಣಗಿಸಿ, ಯಂತ್ರಕ್ಕೆ ಕೊಡುತ್ತೇವೆ. ನಾವು ಹುಡುಕುವ ವಸ್ತು ಇದ್ದರೆ ಪರದೆಯ ಮೇಲಿನ ಸಪಾಟು ಗೆರೆ ಒಂದು ಕಡೆ ಮೇಲೆದ್ದು ಇಳಿಯುತ್ತದೆ. ಅದನ್ನು ನಾವು ಗುಡ್ಡ ಎನ್ನುತ್ತಿದ್ದೆವು. ಗುಡ್ಡ ಎತ್ತರವಾದಷ್ಟೂ ವಸ್ತು ಹೆಚ್ಚು.

ಎರಡು ಗುಂಪುಗಳನ್ನು ಆರಿಸಿದರು. ಒಂದು, ಕಾರ್ಕಳದಲ್ಲಿ ಕಲ್ಲು ಕೆತ್ತುವ ಎಂಟು ಜನ. ಇನ್ನೊಂದು, ಕಾಪುವಿನಿಂದ ಒಳಗೆ ಒಂದು ಹಳ್ಳಿಯಲ್ಲಿ ಮಲ್ಲಿಗೆ ಬೆಳೆಯುವ ಎಂಟು ಹೆಂಗಸರು. ಮೊದಲ ಎರಡು ವಾರ ಯಾರೂ ಯಾವ ಕ್ರೀಮನ್ನೂ ಹಚ್ಚಬಾರದು. ಕೊನೆಗೆ ಒಂದು ಬಾಟಲಿ ಮೂತ್ರ ಕೊಡಬೇಕು. ಆಮೇಲೆ ನಾಲ್ಕು ದಿನ ನಾವು ಕೊಟ್ಟ ಕ್ರೀಮ್ ಹಚ್ಚಿ ಮತ್ತೊಂದು ಬಾಟಲಿ ಕೊಡಬೇಕು. ಮೊದಲನೆಯದರಲ್ಲಿ ಗೆರೆ ಸಪಾಟಾಗಿರಬೇಕು, ಎರಡನೆಯದರಲ್ಲಿ ಗುಡ್ಡ ಏಳಬೇಕು. ಬಾಟಲಿ ಮತ್ತು ಕ್ರೀಮಿನ ಟ್ಯೂಬುಗಳನ್ನು ಪ್ರತಿ ಗುಂಪಿನಲ್ಲೂ ಒಬ್ಬರ ಕಡೆ ಇಡಲಾಯಿತು.

ಕಾರ್ಕಳ ನನ್ನ ತವರೂರು. ಅಲ್ಲಿಯ ಬಾಟಲಿಗಳು ಹೊರಗೆಲ್ಲ ಕಲ್ಲಿನ ಪುಡಿ ಮೆತ್ತಿಕೊಂಡು, ಗಿರಣಿಯಿಂದ ಬಂದ ಹಾಗೆ ಬಂದವು. ನಾನು ಮೂಗು ಮುರಿದೆ. ಆದರೆ ಒಳಗೆ ಎಂಟೂ ಸಪಾಟು.

ಕಾಪುವಿನ ಕಡೆಯ ಗುಂಪನ್ನು ಕೂಡಿಸಿಕೊಟ್ಟವರು ನಲವತ್ತೈದರ ಆಸುಪಾಸಿನ ಒಬ್ಬ ಗೃಹಿಣಿ. ಗಂಡ ಗಲ್ಫಿನಲ್ಲಿ. ಮನೆಯ ಹಿಂದೆ ಮಲ್ಲಿಗೆ ತೋಟ. ಆ ಹಳ್ಳಿಯಲ್ಲಿ ಬೆಳಗಾಗುವಾಗ ಮೊಗ್ಗು ಕೊಯ್ಯಲು ತೊಡಗುತ್ತಾರೆ. ಅದನ್ನು ಬಾಳೆನಾರಿನಲ್ಲಿ ಕಟ್ಟಿ ಹತ್ತು ಗಂಟೆಯ ಒಳಗೆ ಕಟಪಾಡಿಯ ಹೂವಿನ ಮಾರುಕಟ್ಟೆಗೆ ಹೋಗುವ ರಿಕ್ಷಾಕ್ಕೆ ಹಾಕಬೇಕು. ತಡವಾದರೆ ಮೊಗ್ಗು ಬಿರಿಯುತ್ತದೆ, ಬಿರಿದ ಹೂವನ್ನು ಯಾರೂ ಕೊಳ್ಳುವುದಿಲ್ಲ. ಸುತ್ತಲಿನ ಏಳು ಮನೆಯವರು ತಮ್ಮ ಹೂವನ್ನು ಇವರ ಜಗಲಿಗೆ ತಂದು ಹಾಕುತ್ತಿದ್ದರು. ಕಟ್ಟಿ ಆಗದೆ ತಂದವರದ್ದನ್ನು ಕಟ್ಟಿ ಮುಗಿಸಿ, ಎಲ್ಲವನ್ನೂ ಎಣಿಸಿ ಕಳಿಸುವುದು ಇವರ ಕೆಲಸ. ಇವರು ಎಷ್ಟು ಎಂದರೆ ಅಷ್ಟು. ಮರಳಿ ಎಣಿಸುವ ಕ್ರಮವೇ ಇರಲಿಲ್ಲ. ವೈದ್ಯರು ಊರಿನ ಭಜನಾ ಮಂದಿರದಲ್ಲಿ ಸಭೆ ಕರೆದಾಗ ಹೆಂಗಸರು ಮುಖ ಮುಖ ನೋಡಿಕೊಂಡರಂತೆ. ಇವರು ಎದ್ದು ನಿಂತು ತೊಂದರೆ ಇಲ್ಲ, ಕೊಡುವ ಎಂದರಂತೆ. ಮತ್ತೆ ಯಾರೂ ಪ್ರಶ್ನೆ ಕೇಳಲಿಲ್ಲ.

ಮಾದರಿಗಳು ಬಂದ ಕೂಡಲೇ ಯಂತ್ರಕ್ಕೆ ಹೋಗುವುದಿಲ್ಲ. ಸರದಿ ಬರುವವರೆಗೆ ಶೀತಕದಲ್ಲಿ ಕಾಯುತ್ತವೆ. ಕಾಪುವಿನ ಮೊದಲ ಎಂಟು ಬಾಟಲಿಯ ಸರದಿ ಬಂದಾಗ ಅಲ್ಲಿ ಕ್ರೀಮ್ ಹಚ್ಚುವ ನಾಲ್ಕು ದಿನವೂ ಮುಗಿದು, ಅರ್ಧ ಖಾಲಿಯಾದ ಟ್ಯೂಬುಗಳು ವಾಪಸು ಬಂದಿದ್ದವು. ಆ ದಿನ ಪರದೆಯ ಮೇಲೆ ಒಂದಾದ ಮೇಲೆ ಒಂದು ಗುಡ್ಡ ಎದ್ದಿತು. ಎಂಟಕ್ಕೆ ಎಂಟು. ಯಾರೂ ಏನೂ ಹಚ್ಚಬಾರದಿದ್ದ ಎರಡು ವಾರದ ಮೂತ್ರ ಅದು.

ಮೊದಲು ನನ್ನ ಮೇಲೆಯೇ ಸಂಶಯಪಟ್ಟೆ. ಇಂಥ ಕೆಲಸದಲ್ಲಿ ಅದೇ ಪದ್ಧತಿ. ಶುದ್ಧ ನೀರನ್ನು ಅದೇ ದಾರಿಯಲ್ಲಿ ಕಳಿಸಿ ನೋಡಿದೆ, ಸಪಾಟು. ಪ್ರತಿ ಊರಿಗೂ ಶುದ್ಧ ನೀರು ತುಂಬಿದ ಒಂದು ಬಾಟಲಿಯನ್ನು ಪೆಟ್ಟಿಗೆಯಲ್ಲಿ ಇಟ್ಟು ಕಳಿಸುತ್ತೇವೆ. ದಾರಿಯಲ್ಲಿ ಏನಾದರೂ ಸೇರಿದ್ದರೆ ಅದರಲ್ಲಿ ಗೊತ್ತಾಗಲಿ ಎಂದು. ಅದೂ ಸಪಾಟು. ಬಾಟಲಿ ಸರಿ, ನೀರು ಸರಿ, ಯಂತ್ರ ಸರಿ. ಉಳಿದದ್ದು ಮನುಷ್ಯರು. ಟ್ಯೂಬುಗಳು ಇದ್ದದ್ದು ಆ ಮನೆಯಲ್ಲಿ, ಎಂಟು ಜನರನ್ನೂ ಕೂಡಿಸಿದ್ದು ಅವರು. ಮುಂಚೆಯೇ ಹಂಚಿದ್ದಾರೆ ಎಂದರು ವೈದ್ಯರು. ಇರಬಹುದು ಎಂದು ಕೂಡ ನಾನು ಅನ್ನಲಿಲ್ಲ, ಹೌದು ಎಂದೆ.

ಫೋನ್ ಮಾಡುವ ಕೆಲಸ ನನಗೆ ಬಂತು. ಮೊದಲ ಸಲ ಅವರು ನಗುತ್ತಲೇ ಉತ್ತರಿಸಿದರು. ಟ್ಯೂಬುಗಳನ್ನು ಗೋದ್ರೇಜು ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೆ, ನೀವು ಹೇಳಿದ ದಿವಸವೇ ತೆಗೆದದ್ದು ಎಂದರು. ಎರಡು ದಿನ ಬಿಟ್ಟು ಮತ್ತೆ ಕೇಳಿದೆ. ಈ ಸಲ ನಗು ಇರಲಿಲ್ಲ. ಇಲ್ಲ ಮೇಡಂ, ಯಾರಿಗೂ ಕೊಟ್ಟಿಲ್ಲ ಎಂದು ಒಂದೊಂದು ಶಬ್ದವನ್ನೂ ಬಿಡಿಸಿ ಹೇಳಿದರು. ನಮಗಿಬ್ಬರಿಗೂ ತುಳು ಬರುತ್ತಿತ್ತು. ಆದರೂ ಅವರು ನನ್ನ ಹತ್ತಿರ ಪುಸ್ತಕದ ಹಾಗಿನ ಕನ್ನಡದಲ್ಲಿಯೇ ಮಾತಾಡುತ್ತಿದ್ದರು, ನಾನೂ ಬೇಡ ಎನ್ನಲಿಲ್ಲ.

ಮೂರನೆಯ ಸಲ ನಾನೇ ಹೋದೆ. ವೈದ್ಯರು ಒಂದು ದಾರಿ ಹೇಳಿಕೊಟ್ಟಿದ್ದರು. ಕಾರಣ ಗೊತ್ತಿಲ್ಲದ ತಪ್ಪಿದ್ದರೆ ಇಡೀ ಅಧ್ಯಯನದ ಮೇಲೆಯೇ ಸಂಶಯ ಬರುತ್ತದೆ. ಕಾರಣ ಬರವಣಿಗೆಯಲ್ಲಿದ್ದರೆ ಆ ಗುಂಪನ್ನು ಮಾತ್ರ ಕೈಬಿಟ್ಟು ಕಾರ್ಕಳದ್ದನ್ನು ಉಳಿಸಿಕೊಳ್ಳಬಹುದು. ಅದಕ್ಕೊಂದು ಫಾರಂ ಇದೆ. ಹಿಂದಿನ ದಿನವೇ ಅದನ್ನು ನಾನು ತುಂಬಿಸಿದ್ದೆ. 'ಕ್ರೀಮ್ ಬಳಸಬಾರದ ಅವಧಿಯಲ್ಲಿ ನಾನು ಟ್ಯೂಬುಗಳನ್ನು ಹಂಚಿದ್ದು, ಎಂಟೂ ಜನ ಬಳಸಿರುತ್ತೇವೆ' ಎಂದು ನನ್ನದೇ ಅಕ್ಷರದಲ್ಲಿ ಬರೆದು, ಕೆಳಗೆ ಸಹಿಗೆ ಜಾಗ ಬಿಟ್ಟಿದ್ದೆ. ಜಗಲಿಯಲ್ಲಿ ಕುರ್ಚಿ ಹಾಕಿಕೊಟ್ಟರು. ಇದರಿಂದ ನಿಮಗೆ ಶಿಕ್ಷೆ ಏನಿಲ್ಲ, ನಿಜ ಗೊತ್ತಾದರೆ ಸಾಕು ಎಂದು ನಾನು ಬಹಳ ಹೊತ್ತು ವಿವರಿಸಿದೆ. ಅವರು ಇಲ್ಲ ಎಂದರು, ನಾನು ಮತ್ತೆ ವಿವರಿಸಿದೆ. ಕೊನೆಗೆ ಪೆನ್ನು ಕೇಳಿದರು. ಓದಿದರೋ ಇಲ್ಲವೋ, ಸಹಿ ಹಾಕಿಕೊಟ್ಟರು. ಬಸ್ಸಿನಲ್ಲಿ ಬರುವಾಗ, ಮೊದಲೇ ಒಪ್ಪಿಕೊಂಡಿದ್ದರೆ ಇಷ್ಟು ದೂರ ಬರುವುದು ತಪ್ಪುತ್ತಿತ್ತಲ್ಲ ಎಂದು ನನಗೆ ಅನಿಸಿದ್ದು ನೆನಪಿದೆ.

ವೈದ್ಯರ ಕಡೆಯವರು ಉಳಿದ ಏಳು ಜನರಿಗೆ ಫೋನ್ ಮಾಡಿ, ಹೀಗೆ ಹೀಗೆ ಆಗಿದೆ, ನಿಮ್ಮ ಗುಂಪಿನವರೇ ಬರೆದುಕೊಟ್ಟಿದ್ದಾರೆ, ಆದ್ದರಿಂದ ನಿಮ್ಮನ್ನು ಬಿಡುತ್ತಿದ್ದೇವೆ ಎಂದು ತಿಳಿಸಿದರು. ಅಲ್ಲಿಗೆ ಮುಗಿಯಿತು. ಎಂಟು ಬಾಟಲಿಯ ಮೇಲೆ ಕೆಂಪು ಚೀಟಿ ಅಂಟಿಸಿ ಶೀತಕದ ಕೆಳಗಿನ ಖಾನೆಗೆ ಹಾಕಿದೆ.

ಕೆಂಪು ಚೀಟಿಯ ಮಾದರಿಗಳಿಗೆ ಪ್ರಯೋಗಾಲಯದಲ್ಲಿ ಒಂದು ಉಪಯೋಗವಿದೆ. ಹೊಸದೇನಾದರೂ ಬಂದರೆ ಮೊದಲು ಅವುಗಳ ಮೇಲೆ ಪ್ರಯೋಗಿಸಿ ನೋಡುವುದು, ಹಾಳಾದರೂ ಅಳುವವರಿಲ್ಲ. ನಾಲ್ಕು ತಿಂಗಳು ಕಳೆದ ಮೇಲೆ ಕಿಣ್ವದ ಹೊಸ ಶೀಶೆ ಬಂತು. ಅದು ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ನೋಡಬೇಕು. ಒಂದೇ ಮಾದರಿಯನ್ನು ಎರಡು ಪಾಲು ಮಾಡಿ, ಒಂದಕ್ಕೆ ಕಿಣ್ವ ಹಾಕಿ, ಇನ್ನೊಂದಕ್ಕೆ ಹಾಕದೆ ಯಂತ್ರಕ್ಕೆ ಕೊಡಬೇಕು. ಕಿಣ್ವ ಹಾಕದ ಪಾಲಿನಲ್ಲಿ ಸಕ್ಕರೆ ಕಟ್ಟಿಕೊಂಡ ಆಕ್ಸಿಬೆಂಜೋನ್ ಕಾಣುವುದಿಲ್ಲ, ಆದ್ದರಿಂದ ಅಲ್ಲಿ ಗುಡ್ಡ ತೀರ ಸಣ್ಣದಾಗಿರಬೇಕು. ಹಾಕಿದ ಪಾಲಿನಲ್ಲಿ ದೊಡ್ಡದಾಗಿ ಏಳಬೇಕು. ಕೈಗೆ ಸಿಕ್ಕಿದ ಕೆಂಪು ಚೀಟಿಯ ಬಾಟಲಿ ತೆಗೆದೆ, ಕಾಪುವಿನದೊಂದು.

ಎರಡೂ ಗುಡ್ಡ ಒಂದೇ ಎತ್ತರ ಇದ್ದವು.

ಕಿಣ್ವ ಹಾಳಾಗಿರಬೇಕೆಂದು ಅದನ್ನು ಕಳಿಸಿದವರಿಗೆ ಮನಸ್ಸಿನಲ್ಲಿಯೇ ಒಂದು ಖಾರವಾದ ಪತ್ರ ಬರೆದೆ. ಖಚಿತ ಮಾಡಿಕೊಳ್ಳೋಣವೆಂದು ಕಾರ್ಕಳದವರ ಕ್ರೀಮ್ ಹಚ್ಚಿದ ನಂತರದ ಬಾಟಲಿ ತೆಗೆದು ಅದೇ ರೀತಿ ಮಾಡಿದೆ. ಅಲ್ಲಿ ಕಿಣ್ವವಿಲ್ಲದ ಪಾಲಿನಲ್ಲಿ ಇರುವೆ ಗೂಡಿನಷ್ಟು, ಕಿಣ್ವ ಹಾಕಿದ್ದರಲ್ಲಿ ಪರದೆಯ ತುದಿ ಮುಟ್ಟುವಷ್ಟು. ಕಿಣ್ವ ಚೆನ್ನಾಗಿಯೇ ಇತ್ತು. ಕಾಪುವಿನ ಉಳಿದ ಏಳು ಬಾಟಲಿಗಳನ್ನೂ ತೆಗೆದೆ. ಏಳರಲ್ಲಿಯೂ ಎರಡು ಗುಡ್ಡ ಸರಿಸಮ.

ಇದರ ಅರ್ಥ ತಿಳಿಯಲು ಡಾಕ್ಟರು ಬೇಡ. ಮೈಯೊಳಗೆ ಹೋಗಿ ಬಂದ ಆಕ್ಸಿಬೆಂಜೋನ್ ಆಗಿದ್ದರೆ ಅದರ ಬಹುಪಾಲು ಸಕ್ಕರೆ ಕಟ್ಟಿಕೊಂಡಿರಬೇಕಿತ್ತು. ಇದಕ್ಕೆ ಸಕ್ಕರೆಯೇ ಇರಲಿಲ್ಲ. ಎಂದರೆ ಅದು ಆ ಹೆಂಗಸರ ಮೈಯನ್ನು ಹೊಕ್ಕೇ ಇರಲಿಲ್ಲ. ಹೊರಗಿನಿಂದ ಸೀದಾ ಬಾಟಲಿಗೆ ಬಿದ್ದದ್ದು. ನನಗೆ ಮೊದಲು ಬಂದದ್ದು ಸಿಟ್ಟು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ನಾಚಿಕೆ ಬಂದದ್ದು ಆಮೇಲೆ, ಊಟದ ಡಬ್ಬಿ ತೆರೆದು ಕೂತಾಗ. ಅನ್ನ ಹಾಗೆಯೇ ವಾಪಸು ಮನೆಗೆ ಬಂತು. ಕಿಣ್ವ ಹಾಕದೆ ಒಂದು ಸಲ ನೋಡುವುದು ಅರ್ಧ ದಿನದ ಕೆಲಸ. ನಾಲ್ಕು ತಿಂಗಳ ಹಿಂದೆ ನಾನು ಅದನ್ನು ಮಾಡಬಹುದಿತ್ತು. ಅದರ ಬದಲು ಫೋನ್ ಮಾಡಿದ್ದೆ.

ವೈದ್ಯರು ಪೂರ್ತಿ ಕೇಳಿದರು. ವರದಿಯಲ್ಲಿ ಒಂದು ಸಾಲು ಸೇರಿಸುವ, ಹಳೆಯದನ್ನು ಕೆದಕುವುದು ಬೇಡ ಎಂದರು. ಅವರು ಕೆಟ್ಟವರಲ್ಲ, ಅವರಿಗೆ ಕೆಲಸ ಹೆಚ್ಚು. ಫಾರಂ ಕಡತ ನನ್ನ ವಶದಲ್ಲಿತ್ತು. ಭಾನುವಾರ ಅದನ್ನು ಚೀಲದಲ್ಲಿ ಹಾಕಿಕೊಂಡು ಮೊದಲ ಬಸ್ಸಿಗೆ ಕಟಪಾಡಿಯಲ್ಲಿ ಇಳಿದು, ಅಲ್ಲಿಂದ ರಿಕ್ಷಾ ಮಾಡಿಕೊಂಡು ಹೋದೆ.

ಎಂಟೂವರೆಯ ಹೊತ್ತು. ಅವರು ಜಗಲಿಯಲ್ಲಿ ಒಬ್ಬರೇ ಕೂತು ಹೂ ಕಟ್ಟುತ್ತಿದ್ದರು. ಒಂದೇ ಒಂದು ತಟ್ಟೆ ಇತ್ತು. ನನ್ನನ್ನು ನೋಡಿ ಎದ್ದು ಕುರ್ಚಿ ತಂದಿಟ್ಟರು, ನೀರು ತಂದರು, ಮತ್ತೆ ಹೂವಿನ ಮುಂದೆ ಕೂತರು. ಕೇಳಬಾರದ ಪ್ರಶ್ನೆಯನ್ನು ಮೂರು ಸಲ ಕೇಳಿದ್ದವಳು ನಾನು, ಕೇಳಬೇಕಾದದ್ದನ್ನು ಆಗ ಕೇಳಿದೆ. ನಾವು ಕೊಟ್ಟ ಬಾಟಲಿಗಳನ್ನು ನೀವು ಎಂತ ಮಾಡಿದಿರಿ?

"ಎಂತ ಮಾಡ್ಲಿಕ್ಕುಂಟು? ತೊಳೆದು ಕೊಟ್ಟೆ."

ಅವರ ದನಿಯಲ್ಲಿ ಅಂಜಿಕೆ ಇರಲಿಲ್ಲ, ಇದನ್ನೂ ಕೇಳಬೇಕೇ ಎಂಬ ಆಶ್ಚರ್ಯ ಇತ್ತು. ನಮ್ಮ ಮನೆಯಿಂದ ಏಳು ಮನೆಗೆ ಹೋಗುವ ಪಾತ್ರೆ, ತೊಳೆಯದೆ ಕೈಗೆ ಕೊಡಲಿಕ್ಕೆ ಆಗುತ್ತದೆಯೇ ಎಂದರು. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ, ಎಲ್ಲೆಲ್ಲೋ ಹೋಗಿ ಬಂದ ಬಾಟಲಿ ಅಲ್ವಾ ಎಂದರು. ತೊಳೆದು ಬಿಸಿಲಿಗೆ ಬೋರಲು ಹಾಕಿ, ಒಣಗಿಸಿ, ಒಂದೊಂದಕ್ಕೂ ಮುಚ್ಚಳ ಹಾಕಿ ಕೊಟ್ಟಿದ್ದರು. ನಾನು ಗಂಟೆಗಟ್ಟಲೆ ಕಾಯಿಸಿ ಶುದ್ಧ ಮಾಡಿದ ಎಂಟು ಬಾಟಲಿಗಳು. ಶುದ್ಧ ನೀರಿನ ಆ ಒಂಬತ್ತನೆಯ ಬಾಟಲಿ ಮಾತ್ರ ನಮ್ಮ ಪೆಟ್ಟಿಗೆಯಲ್ಲಿಯೇ ಕೂತಿತ್ತು, ತೊಳೆಯಲು ಹೊರಗೆ ಬಂದಿರಲಿಲ್ಲ.

ಯಾವುದರಲ್ಲಿ ತೊಳೆದದ್ದು ಎಂದು ಕೇಳಿದೆ. ಪಾತ್ರೆ ತೊಳೆಯುವ ಸಾಬೂನಿನಲ್ಲಿ ಅಲ್ಲ ಎಂದರು. ಡಾಕ್ಟರರ ಕಡೆಯ ಸಾಮಾನಿಗೆ ಅದನ್ನು ಹಾಕಲಿಕ್ಕೆ ಮನಸ್ಸು ಬರಲಿಲ್ಲವಂತೆ. ಒಳಗೆ ಹೋಗಿ ಗೋದ್ರೇಜು ತೆಗೆಯುವ ಸದ್ದಾಯಿತು. ಸೀರೆಗಳ ನಡುವಿನಿಂದ ಒಂದು ಬಾಟಲಿ ತಂದರು. ಗಂಡ ರಜೆಯಲ್ಲಿ ಬಂದಾಗ ತಂದ ದ್ರವ ಸಾಬೂನು. ತಿಳಿ ನೇರಳೆ ಬಣ್ಣ, ಪಾರದರ್ಶಕ ಬಾಟಲಿ. ನೆಂಟರು ಬಂದಾಗ ಮಾತ್ರ ಹೊರಗೆ ಬರುವಂಥದ್ದು. ಹಿಂದಿನ ಚೀಟಿಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರ. ಕನ್ನಡಕ ಏರಿಸಿ ಓದುತ್ತಾ ಹೋದೆ. ಕೊನೆಯಿಂದ ಮೂರನೆಯದು ಬೆಂಜೋಫಿನೋನ್-3. ಆಕ್ಸಿಬೆಂಜೋನಿಗೇ ಇರುವ ಇನ್ನೊಂದು ಹೆಸರು. ಬಿಸಿಲು ತಾಗಿ ನೇರಳೆ ಬಣ್ಣ ಮಾಸದಿರಲಿ ಎಂದು ಸಾಬೂನಿಗೂ ಇಷ್ಟು ಹಾಕುತ್ತಾರೆ. ಎಷ್ಟು ಜಾಲಿಸಿದರೂ ಗಾಜಿನ ಒಳಮೈಯಲ್ಲಿ ಸ್ವಲ್ಪ ಉಳಿಯುತ್ತದೆ, ನನ್ನ ಯಂತ್ರಕ್ಕೆ ಅಷ್ಟು ಸಾಕು.

ಇದನ್ನೆಲ್ಲ ನಿಧಾನವಾಗಿ ಹೇಳಿದೆ. ನಿಮ್ಮ ತಪ್ಪು ಇಲ್ಲ, ತೊಳೆಯಬೇಡಿ ಎಂದು ನಾವು ಎಲ್ಲಿಯೂ ಹೇಳಿರಲಿಲ್ಲ, ನೀವು ಹೇಳಿದ್ದೇ ನಿಜ ಎಂದೆ. ಅವರ ಕೈ ನಾರನ್ನು ಸುತ್ತುವುದನ್ನು ನಿಲ್ಲಿಸಲಿಲ್ಲ. ನಾನು ಹೇಳಿದ್ದು ನಿಜ ಅಂತ ನನಗೆ ಗೊತ್ತಿತ್ತಲ್ಲ ಮೇಡಂ ಎಂದರು, ಅಷ್ಟೇ.

ಹಾಗಾದರೆ ಸಹಿ ಯಾಕೆ ಹಾಕಿದಿರಿ? ಈ ಪ್ರಶ್ನೆ ಕೇಳುವ ಯೋಗ್ಯತೆ ನನಗಿರಲಿಲ್ಲ, ಆದರೂ ಬಾಯಿಗೆ ಬಂತು.

"ಎರಡು ಸಲ ಇಲ್ಲ ಅಂತ ಹೇಳಿದೆ. ನೀವು ಮೂರನೇ ಸಲ ಬಂದ್ರಿ. ಎಂಟು ಮನೆಯ ಹೂ ಇಲ್ಲಿ ತಟ್ಟೆಯಲ್ಲಿತ್ತು, ಅರ್ಧ ಕಟ್ಟಿ ಆಗಿರಲಿಲ್ಲ. ಗೇಟಿನ ಹತ್ರ ರಿಕ್ಷಾದವ ಹಾರ್ನ್ ಹಾಕ್ತಾ ಇದ್ದ. ಸಹಿ ಆಗದೆ ನೀವು ಏಳುವವರಲ್ಲ ಅಂತ ಗೊತ್ತಾಯ್ತು."

ನಾನು ಆ ದಿನವನ್ನು ನೆನಪಿಸಿಕೊಳ್ಳಲು ಯತ್ನಿಸಿದೆ. ಕುರ್ಚಿ ನೆನಪಿತ್ತು, ಫಾರಂ ನೆನಪಿತ್ತು. ಹೂವು ನೆನಪಿಗೆ ಬರಲಿಲ್ಲ. ಎಂಟು ಮನೆಯ ಮಲ್ಲಿಗೆ ನನ್ನ ಕಾಲಿನ ಹತ್ತಿರ ಇದ್ದಿರಬೇಕು, ಅದರ ಪರಿಮಳ ಕೂಡ ನನ್ನ ಮೂಗಿಗೆ ತಾಗಿರಲಿಲ್ಲ. ನೋಡುವುದೇ ನನ್ನ ಹೊಟ್ಟೆಪಾಡು; ನೋಡಿರಲಿಲ್ಲ.

ಉಳಿದದ್ದನ್ನು ಅವರು ಹೇಳಲಿಲ್ಲ, ನಾನು ಒಂದೊಂದಾಗಿ ಕೇಳಿ ತಿಳಿದುಕೊಂಡೆ. ಏಳು ಮನೆಯವರಿಗೂ ತಾವು ಆ ಎರಡು ವಾರ ಕ್ರೀಮ್ ಮುಟ್ಟಲಿಲ್ಲವೆಂದು ಚೆನ್ನಾಗಿ ಗೊತ್ತಿತ್ತು. ಮುಟ್ಟಿದ್ದಾರೆ ಎಂದು ಇವರು ಬರೆದುಕೊಟ್ಟಿದ್ದಾರೆ ಎಂಬುದು ಫೋನಿನಲ್ಲಿ ಗೊತ್ತಾಯಿತು. ಒಬ್ಬರು ಬಂದು ಹೌದಾ ಎಂದು ಕೇಳಿದರಂತೆ, ಇವರು ಸಹಿ ಹಾಕಿದ್ದು ಹೌದು ಎಂದರಂತೆ. ಜಗಳ ಏನೂ ಆಗಲಿಲ್ಲ. ಮರುದಿನ ಒಂದು ಮನೆಯ ಹೂ ಬರಲಿಲ್ಲ, ವಾರದೊಳಗೆ ಏಳೂ ನಿಂತವು. ನಮ್ಮ ಬಗ್ಗೆ ಸುಳ್ಳು ಬರೆದುಕೊಟ್ಟವರ ಎಣಿಕೆಯನ್ನು ನಂಬುವುದು ಹೇಗೆ ಎಂದು ಅವರಿಗೆ ಅನಿಸಿದ್ದರೆ ಅದರಲ್ಲಿ ತಪ್ಪೇನು. ಈಗ ಮನೆಗೊಬ್ಬರಂತೆ ತಮ್ಮ ತಮ್ಮ ಹೂವನ್ನು ತಾವೇ ಕಟಪಾಡಿಗೆ ಒಯ್ಯುತ್ತಿದ್ದರು. ಭಜನೆಗೆ ಹೋದರೆ ಮಾತಾಡುತ್ತಾರೆ, ಆದರೆ ಬದಿಯಲ್ಲಿ ಬಂದು ಕೂರುವುದಿಲ್ಲ ಎಂದರು.

ಆಕೆ ತನ್ನ ಜೀವನದಲ್ಲಿ ಬೇರೆ ಸುಳ್ಳು ಹೇಳಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಈ ಪ್ರಕರಣದಲ್ಲಿ ಇದ್ದ ಒಂದೇ ಸುಳ್ಳು ಆ ಫಾರಂನ ವಾಕ್ಯ, ಅದನ್ನು ಬರೆದವಳು ನಾನು.

ಚೀಲದಿಂದ ಫಾರಂ ತೆಗೆದೆ. ನಮ್ಮ ಕೆಲಸದಲ್ಲಿ ತಪ್ಪು ಬರೆದದ್ದನ್ನು ಹರಿಯುವ ಹಾಗಿಲ್ಲ, ಬಿಳಿ ಬಳಿದು ಮುಚ್ಚುವ ಹಾಗಿಲ್ಲ. ಒಂದೇ ಗೆರೆ ಎಳೆದು, ಬದಿಯಲ್ಲಿ ಕಾರಣ ಬರೆದು, ಸಹಿಯೂ ತಾರೀಕೂ ಹಾಕಬೇಕು. ಹಾಗೆಯೇ ಮಾಡಿದೆ. 'ಇದು ಸುಳ್ಳು. ಬರೆದು ತಂದು ಒತ್ತಾಯದಿಂದ ಸಹಿ ಹಾಕಿಸಿದ್ದು ನಾನು' ಎಂದು ಬರೆದು ಅವರ ಕೈಗೆ ಕೊಟ್ಟೆ. ಅವರು ಕೈಯ ನೀರನ್ನು ಸೀರೆಗೆ ಒರೆಸಿಕೊಂಡು ಹಿಡಿದು ನೋಡಿದರು. ಗೆರೆ ಎಳೆದರೂ ಅಡಿಯದ್ದು ಓದಲಿಕ್ಕೆ ಆಗುತ್ತದಲ್ಲ ಎಂದು ಕೇಳಿದರು. ಓದಲು ಆಗಲೇಬೇಕು, ಅದೇ ನಿಯಮ ಎಂದೆ. ಈ ಊರಿನವರ ಮನಸ್ಸಿನಲ್ಲಿಯೂ ಹಾಗೆಯೇ ಆದೀತು ಎಂದರು. ಏಳು ಮನೆಗೂ ನಾನು ಹೋಗಿ ಹೇಳಲೇ ಎಂದದ್ದಕ್ಕೆ, ಹೋಗಬೇಡಿ ಎಂದೂ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಹೂ ಕಟ್ಟುವುದು ಮುಗಿದಿತ್ತು.

ಏಳು ಮನೆಗೂ ಹೋದೆ. ಬಿಸಿಲು ಏರಿತ್ತು. ಮೊದಲ ಮನೆಯಲ್ಲಿ ಕಿಣ್ವ, ಸಕ್ಕರೆ, ಸಾಬೂನು ಎಂದೆಲ್ಲ ಹೇಳಿದೆ. ಅವರು ಗೌರವದಿಂದ ತಲೆ ಆಡಿಸಿ ಶರಬತ್ತು ಕೊಟ್ಟರು. ಎರಡನೆಯ ಮನೆಯಲ್ಲಿ, ಇದರಿಂದ ನಿಮ್ಮ ಕೆಲಸಕ್ಕೆ ಏನೂ ಆಗದಿದ್ದರೆ ಆಯಿತು ಎಂದರು. ಮೂರನೆಯದರಲ್ಲಿ ಬಾಗಿಲು ಹಾಕಿತ್ತು. ನಾಲ್ಕನೆಯ ಮನೆಯಿಂದ ಮುಂದೆ ನಾನು ಯಂತ್ರದ ಮಾತನ್ನೇ ಬಿಟ್ಟೆ. ಕಾಗದ ತೋರಿಸಿ, ಇದು ನನ್ನ ಅಕ್ಷರ, ಸಹಿ ಹಾಕಿಸಿಯೇ ಎದ್ದದ್ದು ಎಂದಷ್ಟೇ ಹೇಳಿದೆ. ಓದಿದರು, ಮಡಚಿ ಕೊಟ್ಟರು. ಅವರಿಗೆ ಏನು ಅನಿಸಿತೆಂದು ನನಗೆ ತಿಳಿಯಲಿಲ್ಲ.

ಏಳನೆಯ ಮನೆಯವರು ಅರುವತ್ತು ದಾಟಿದ ಗಟ್ಟಿ ಹೆಂಗಸು. ಕಾಗದವನ್ನು ಎರಡು ಸಲ ಓದಿ, ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಇಷ್ಟು ಹೊತ್ತಿಗೆ ಮಾತು ತುಳುವಿಗೆ ತಿರುಗಿತ್ತು. ನೀವು ಬರೆದದ್ದು ಸರಿ, ಆದರೆ ಅವಳು ಮೂರನೆಯ ಸಲವೂ ಇಲ್ಲ ಎನ್ನಬಹುದಿತ್ತು, ನಾವಾದರೆ ಸತ್ತರೂ ಸಹಿ ಹಾಕುತ್ತಿರಲಿಲ್ಲ ಎಂದರು. ಜಗಲಿಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ. ಎಂಟು ಮನೆಯ ಹೂ ತಟ್ಟೆಯಲ್ಲಿದ್ದದ್ದು, ಅರ್ಧ ಕಟ್ಟಿ ಆಗದಿದ್ದದ್ದು, ಗೇಟಿನಲ್ಲಿ ರಿಕ್ಷಾ ಕಾಯುತ್ತಿದ್ದದ್ದು, ನಾನು ಕುರ್ಚಿ ಬಿಟ್ಟು ಏಳದೆ ಇದ್ದದ್ದು.

ಅದು ಯಾವ ದಿವಸ ಎಂದು ಕೇಳಿದರು. ಫಾರಂನಲ್ಲಿದ್ದ ತಾರೀಕು ಹೇಳಿದೆ. ಅವರು ಒಳಗೆ ಹೋಗಿ ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಹಿಂದೆ ತಿರುವಿದರು. ಬೆರಳಿಟ್ಟು ನಿಂತರು. ಆ ದಿವಸ ತಮ್ಮ ಮನೆಯಿಂದ ಹೋದದ್ದು ಮೊಮ್ಮಗಳ ಸೀಮಂತದ ಹೂವಂತೆ, ಕಟಪಾಡಿಯಲ್ಲಿ ಮಾರುವಂಥದ್ದಲ್ಲ, ಅಲ್ಲಿಂದ ಮುಂದೆ ಬಸ್ಸಿನಲ್ಲಿ ಮಂಗಳೂರಿಗೆ ಹೋಗಬೇಕಾದದ್ದು. ತಿರುವಿದ ಹಾಳೆಗಳನ್ನು ಒಂದೊಂದಾಗಿ ಮೊದಲಿನ ಹಾಗೆ ಇಳಿಸಿದರು.

"ನಮ್ಮ ಹೂ ಸಮಯಕ್ಕೆ ಮುಟ್ಟಿತ್ತು," ಎಂದರು.